ಒತ್ತಡದಲ್ಲಿ ನಿರ್ಧಾರ ಕೈಗೊಳ್ಳುವ ತರಬೇತಿ (ವಿಮಾನಯಾನ)

ಒತ್ತಡದಲ್ಲಿ ನಿರ್ಧಾರ ಕೈಗೊಳ್ಳುವ ತರಬೇತಿ ಎಂಬುದು ಸಮಯ ತೀರ ಕಡಿಮೆ ಇರುವ, ಮಾಹಿತಿ ಅಪೂರ್ಣವಾಗಿರುವ ಮತ್ತು ತಪ್ಪಿದರೆ ಪ್ರಾಣಹಾನಿ ಸಂಭವಿಸುವ ಸನ್ನಿವೇಶಗಳಲ್ಲಿ ಸರಿಯಾದ ತೀರ್ಮಾನಕ್ಕೆ ಬರುವಂತೆ ವ್ಯಕ್ತಿಗಳನ್ನೂ ತಂಡಗಳನ್ನೂ ಮುಂಚಿತವಾಗಿ ಸಿದ್ಧಗೊಳಿಸುವ ಶಿಕ್ಷಣ ಕ್ರಮವಾಗಿದೆ. ಸೇನೆ, ಅಗ್ನಿಶಾಮಕ ದಳ, ಶಸ್ತ್ರಚಿಕಿತ್ಸೆ ಮತ್ತು ಗಣಿಗಾರಿಕೆಯಲ್ಲಿ ಇದು ಬಳಕೆಯಲ್ಲಿದೆಯಾದರೂ ಅತ್ಯಂತ ವ್ಯವಸ್ಥಿತವಾಗಿ ಬೆಳೆದಿರುವುದು ನಾಗರಿಕ ವಿಮಾನಯಾನದಲ್ಲಿ. ಅಲ್ಲಿ ಇದರ ಪ್ರಮುಖ ರೂಪವನ್ನು ‘ಕ್ರ್ಯೂ ರಿಸೋರ್ಸ್ ಮ್ಯಾನೇಜ್‌ಮೆಂಟ್’ (ಸಂಕ್ಷಿಪ್ತವಾಗಿ ಸಿಆರ್‌ಎಂ) ಎಂದು ಕರೆಯಲಾಗುತ್ತದೆ. ವಿಮಾನದ ಸಿಬ್ಬಂದಿಯು ತನಗೆ ಲಭ್ಯವಿರುವ ಎಲ್ಲ ಸಾಧನಗಳನ್ನು, ಅಂದರೆ ಉಪಕರಣಗಳು, ಲಿಖಿತ ವಿಧಾನಗಳು, ನೆಲದ ಮೇಲಿನ ನಿಯಂತ್ರಕರು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಆಸನದಲ್ಲಿರುವ ಸಹೋದ್ಯೋಗಿಯ ಅರಿವನ್ನು, ಸಕಾಲದಲ್ಲಿ ಬಳಸಿಕೊಳ್ಳುವಂತೆ ಮಾಡುವುದು ಇದರ ಉದ್ದೇಶ.

ಕರ್ನಾಟಕದ ಮಟ್ಟಿಗೆ ಈ ವಿಷಯವು ಕೇವಲ ಪಠ್ಯಪುಸ್ತಕದ್ದಲ್ಲ. 1990ರಲ್ಲಿ ಬೆಂಗಳೂರಿನಲ್ಲಿ ಮತ್ತು 2010ರಲ್ಲಿ ಮಂಗಳೂರಿನಲ್ಲಿ ಸಂಭವಿಸಿದ ಎರಡು ವಿಮಾನ ದುರಂತಗಳ ತನಿಖೆಗಳು ಕೊನೆಯ ಕೆಲವು ಕ್ಷಣಗಳ ಮಾನವ ನಿರ್ಧಾರಗಳನ್ನೇ ಕೇಂದ್ರದಲ್ಲಿರಿಸಿಕೊಂಡಿದ್ದವು.

ಮನೋವೈಜ್ಞಾನಿಕ ಹಿನ್ನೆಲೆ

ಅಪಾಯದ ಅರಿವಾದೊಡನೆ ದೇಹದಲ್ಲಿ ಅಡ್ರಿನಲಿನ್ ಮೊದಲಾದ ರಾಸಾಯನಿಕಗಳು ಸ್ರವಿಸಿ ಹೃದಯದ ಬಡಿತ ಮತ್ತು ಉಸಿರಾಟ ಹೆಚ್ಚುತ್ತವೆ. ಓಡಲು ಅಥವಾ ಹೋರಾಡಲು ಇದು ನೆರವಾಗುತ್ತದೆ. ಆದರೆ ಯೋಚಿಸಲು ಅಷ್ಟಾಗಿ ನೆರವಾಗುವುದಿಲ್ಲ. ಗಮನವು ಒಂದೇ ವಸ್ತುವಿನ ಮೇಲೆ ಕಿರಿದಾಗಿ ನೆಡುತ್ತದೆ. ಆ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತು ಮನಸ್ಸಿಗೆ ತಲುಪದಿರಬಹುದು. ಏಕಕಾಲಕ್ಕೆ ಹಲವು ಸಂಗತಿಗಳನ್ನು ನೆನಪಿನಲ್ಲಿರಿಸಿಕೊಂಡು ತೂಗಿ ನೋಡುವ ಸಾಮರ್ಥ್ಯ ಕುಗ್ಗುತ್ತದೆ. ಉದ್ವೇಗವು ಒಂದು ಮಟ್ಟದವರೆಗೆ ಕಾರ್ಯಕ್ಷಮತೆಯನ್ನು ಹೆಚ್ಚಿಸಿ, ಆ ಮಟ್ಟ ಮೀರಿದ ಬಳಿಕ ಕುಗ್ಗಿಸುತ್ತದೆ ಎಂಬ ಯೆರ್ಕಿಸ್–ಡಾಡ್ಸನ್ ನಿಯಮವು 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಹುಟ್ಟಿದ್ದು, ಈಗಲೂ ತರಬೇತಿ ಕೈಪಿಡಿಗಳಲ್ಲಿ ಉಲ್ಲೇಖಗೊಳ್ಳುತ್ತದೆ.

ಅನುಭವಿಗಳು ತುರ್ತು ಸಂದರ್ಭದಲ್ಲಿ ಎಲ್ಲ ಆಯ್ಕೆಗಳನ್ನೂ ಪಟ್ಟಿ ಮಾಡಿ ಹೋಲಿಸುತ್ತಾರೆ ಎಂಬ ಹಳೆಯ ಕಲ್ಪನೆಯನ್ನು ಅಮೆರಿಕದ ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಪ್ರಶ್ನಿಸಿದರು. 1980ರ ದಶಕದಲ್ಲಿ ಅವರು ಅಗ್ನಿಶಾಮಕ ದಳದ ನಾಯಕರನ್ನು ಅಧ್ಯಯನ ಮಾಡಿದಾಗ, ಅವರಲ್ಲಿ ಹೆಚ್ಚಿನವರು ಹೋಲಿಕೆಗೆ ಹೋಗದೆ, ಎದುರಿನ ಸನ್ನಿವೇಶವನ್ನು ಹಿಂದೆ ಕಂಡ ಮಾದರಿಯೊಂದಿಗೆ ಗುರುತಿಸಿ, ಮೊದಲು ಹೊಳೆದ ಉಪಾಯವನ್ನು ಮನಸ್ಸಿನಲ್ಲೇ ಒಮ್ಮೆ ನಡೆಸಿ ನೋಡಿ ಕಾರ್ಯಪ್ರವೃತ್ತರಾಗುತ್ತಿದ್ದುದು ಕಂಡುಬಂದಿತು. ಕನ್ನಡದಲ್ಲಿ ‘ಸಮಯಸ್ಫೂರ್ತಿ’ ಎಂದು ಕರೆಯುವ ಗುಣವು ಬಹುಮಟ್ಟಿಗೆ ಇದೇ. ಹುಟ್ಟಿನಿಂದ ಬಂದ ವರದಂತೆ ಅದು ಹೊರಗಿನವರಿಗೆ ಕಾಣುತ್ತದೆ. ವಾಸ್ತವದಲ್ಲಿ ಅದು ಹಿಂದೆ ಕಂಡ ನೂರಾರು ಪ್ರಸಂಗಗಳ ಸಂಗ್ರಹ. ಆದ್ದರಿಂದ ಅಂತಹ ಪ್ರಸಂಗಗಳನ್ನು ಕೃತಕವಾಗಿ ಒದಗಿಸಿ ಆ ಸಂಗ್ರಹವನ್ನು ಬೆಳೆಸಲು ಸಾಧ್ಯ ಎಂಬುದೇ ತರಬೇತಿಯ ಆಧಾರ.

ಇದಕ್ಕೆ ಒಂದು ಕೆಡುಕಿನ ಮುಖವೂ ಇದೆ. ನೂರು ಬಾರಿ ಸುಗಮವಾಗಿ ಮುಗಿದ ಕೆಲಸ ನೂರೊಂದನೆಯ ಬಾರಿಯೂ ಹಾಗೆಯೇ ಮುಗಿಯುವುದೆಂಬ ನಂಬಿಕೆಯಿಂದ, ಪರಿಸ್ಥಿತಿ ಬದಲಾಗಿದ್ದರೂ ಮೊದಲಿನ ಯೋಜನೆಯನ್ನೇ ಮುಂದುವರಿಸುವ ಪ್ರವೃತ್ತಿ ಅನುಭವಿಗಳಲ್ಲಿಯೇ ಪ್ರಬಲವಾಗಿ ಕಂಡುಬರುತ್ತದೆ. ಗಮ್ಯ ಹತ್ತಿರವಾದಷ್ಟೂ ಈ ಪ್ರವೃತ್ತಿ ಬಲಗೊಳ್ಳುತ್ತದೆ.

ಇತಿಹಾಸ

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದಿದ್ದ ರನ್‌ವೇಯಲ್ಲಿ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಮೃತಪಟ್ಟರು. ಕೆಎಲ್‌ಎಂ ಸಂಸ್ಥೆಯ ಹಿರಿಯ ಕ್ಯಾಪ್ಟನ್ ಅನುಮತಿ ದೊರೆಯುವ ಮುನ್ನವೇ ವಿಮಾನವನ್ನು ಮೇಲೇರಿಸಲು ಓಡಿಸಿದ್ದರು. ಇನ್ನೊಂದು ವಿಮಾನ ರನ್‌ವೇಯಿಂದ ಹೊರಹೋಗಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಸಂದೇಹ ವ್ಯಕ್ತಪಡಿಸಿದರೂ ಕ್ಯಾಪ್ಟನ್ ದೃಢವಾಗಿ ಹೌದೆಂದಾಗ ಆ ಸಂದೇಹ ಅಲ್ಲಿಗೇ ನಿಂತಿತು. ಮರುವರ್ಷ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನವು, ಚಕ್ರಗಳ ದೋಷವನ್ನು ಪರಿಶೀಲಿಸುತ್ತ ಸುತ್ತು ಹೊಡೆಯುತ್ತಿದ್ದಂತೆಯೇ ಇಂಧನ ಮುಗಿದು ಬಿದ್ದಿತು. ಇಂಧನ ಇಳಿಯುತ್ತಿರುವುದನ್ನು ಉಳಿದ ಸಿಬ್ಬಂದಿ ಗಮನಿಸಿದ್ದರು; ಆದರೆ ಅದರ ತೀವ್ರತೆ ಕ್ಯಾಪ್ಟನ್‌ಗೆ ನಾಟುವಂತೆ ಯಾರೂ ಹೇಳಲಿಲ್ಲ.

ಈ ಘಟನೆಗಳ ಬಳಿಕ ನಾಸಾ ಸಂಸ್ಥೆಯು 1979ರಲ್ಲಿ ಕಾಕ್‌ಪಿಟ್‌ನ ಸಂಪನ್ಮೂಲ ನಿರ್ವಹಣೆಯ ಕುರಿತು ಕಾರ್ಯಾಗಾರವೊಂದನ್ನು ಏರ್ಪಡಿಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಮೊದಲ ಸಮಗ್ರ ತರಬೇತಿಯನ್ನು ಆರಂಭಿಸಿತು. ಮೊದಲಿಗೆ ‘ಕಾಕ್‌ಪಿಟ್ ರಿಸೋರ್ಸ್ ಮ್ಯಾನೇಜ್‌ಮೆಂಟ್’ ಎಂದಿದ್ದ ಹೆಸರು, ಕ್ಯಾಬಿನ್ ಸಿಬ್ಬಂದಿ ಮೊದಲಾದವರನ್ನೂ ಒಳಗೊಂಡ ಮೇಲೆ ‘ಕ್ರ್ಯೂ’ ಎಂದು ಬದಲಾಯಿತು. ಆರಂಭದಲ್ಲಿ ಕೆಲವು ಹಿರಿಯ ಪೈಲಟ್‌ಗಳು ಇದನ್ನು ಶಿಷ್ಟಾಚಾರದ ಪಾಠವೆಂದು ಹಾಸ್ಯ ಮಾಡಿದ್ದುಂಟು.

ಆ ಹಾಸ್ಯಕ್ಕೆ 1989ರ ಜುಲೈ 19ರ ಘಟನೆ ಉತ್ತರ ನೀಡಿತು. ಯುನೈಟೆಡ್ ಏರ್‌ಲೈನ್ಸ್‌ನ 232ನೇ ಸಂಖ್ಯೆಯ ಡಿಸಿ-10 ವಿಮಾನದ ಬಾಲದ ಎಂಜಿನ್ ಸಿಡಿದು, ಎಲ್ಲ ಹೈಡ್ರಾಲಿಕ್ ವ್ಯವಸ್ಥೆಗಳೂ ನಾಶವಾದವು. ಇಂತಹ ಸ್ಥಿತಿಗೆ ಯಾವುದೇ ಲಿಖಿತ ವಿಧಾನವಿರಲಿಲ್ಲ. ಪ್ರಯಾಣಿಕರಾಗಿ ಕುಳಿತಿದ್ದ ತರಬೇತುದಾರ ಪೈಲಟ್ ಒಬ್ಬರನ್ನು ಕ್ಯಾಪ್ಟನ್ ಆಲ್ ಹೇನ್ಸ್ ಕಾಕ್‌ಪಿಟ್‌ಗೆ ಕರೆಸಿಕೊಂಡು, ಉಳಿದ ಎರಡು ಎಂಜಿನ್‌ಗಳ ಶಕ್ತಿಯನ್ನು ಹೆಚ್ಚುಕಡಿಮೆ ಮಾಡಿಯೇ ವಿಮಾನವನ್ನು ಸೂ ಸಿಟಿಯವರೆಗೆ ತಂದರು. 296 ಮಂದಿಯಲ್ಲಿ 184 ಮಂದಿ ಬದುಕಿದರು. ಯಾರ ಬಳಿಯೂ ಪೂರ್ಣ ಉತ್ತರವಿಲ್ಲದಾಗ ಎಲ್ಲರ ಮಾತನ್ನೂ ಕೇಳುವ ಈ ತರಬೇತಿ ಇಲ್ಲದಿದ್ದರೆ ತಾವು ಬದುಕುತ್ತಿರಲಿಲ್ಲವೆಂದು ಹೇನ್ಸ್ ಮುಂದೆ ಹಲವು ಸಭೆಗಳಲ್ಲಿ ಹೇಳಿದರು.

ಬೆಂಗಳೂರು, 1990

1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬೆಂಗಳೂರಿಗೆ ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ 605ನೇ ಸಂಖ್ಯೆಯ ವಿಮಾನವು ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇಗೆ ತಲುಪುವ ಮೊದಲೇ, ಪಕ್ಕದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ ಬೆಂಕಿಗೆ ಆಹುತಿಯಾಯಿತು. 146 ಮಂದಿಯಲ್ಲಿ 92 ಮಂದಿ ಮೃತಪಟ್ಟರು. ವಿಮಾನವು ಏರ್‌ಬಸ್ ಎ320. ಇಂಡಿಯನ್ ಏರ್‌ಲೈನ್ಸ್‌ಗೆ ಈ ಮಾದರಿ ಹಿಂದಿನ ವರ್ಷವಷ್ಟೇ ಸೇರ್ಪಡೆಯಾಗಿತ್ತು. ಹಳೆಯ ವಿಮಾನಗಳಿಗಿಂತ ಇದರ ಗಣಕೀಕೃತ ನಿಯಂತ್ರಣ ಪದ್ಧತಿ ಬಹಳ ಭಿನ್ನವಾಗಿತ್ತು. ಆ ಹಾರಾಟದಲ್ಲಿ ಇಬ್ಬರೂ ಕ್ಯಾಪ್ಟನ್‌ಗಳೇ ಇದ್ದರು. ಒಬ್ಬರು ಮತ್ತೊಬ್ಬರ ಹಾರಾಟವನ್ನು ಪರೀಕ್ಷಿಸುತ್ತಿದ್ದರು.

ಇಳಿಯುವ ಕೊನೆಯ ಹಂತದಲ್ಲಿ ವಿಮಾನವು ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿರುವ ‘ಓಪನ್ ಡಿಸೆಂಟ್’ ಎಂಬ ಕ್ರಮದಲ್ಲಿತ್ತು. ಆ ಹಂತದಲ್ಲಿ ಇರಬೇಕಾದುದು ವೇಗವನ್ನು ತಾನಾಗಿ ಕಾಯ್ದುಕೊಳ್ಳುವ ಕ್ರಮ. ಇಳಿಕೆಯ ದರವನ್ನು ನಿಗದಿಪಡಿಸುವ ಗುಂಡಿಯ ಬದಲು ಎತ್ತರವನ್ನು ನಿಗದಿಪಡಿಸುವ ಗುಂಡಿಯನ್ನು ತಿರುಗಿಸಿರುವ ಸಾಧ್ಯತೆಯೂ ತನಿಖೆಯಲ್ಲಿ ಚರ್ಚೆಗೆ ಬಂದಿತು. ವೇಗ ಕುಸಿಯುತ್ತಿತ್ತು, ವಿಮಾನ ನಿಗದಿತ ಹಾದಿಗಿಂತ ಕೆಳಗಿಳಿಯುತ್ತಿತ್ತು. ಅಮೂಲ್ಯ ಕ್ಷಣಗಳು ಯಂತ್ರ ಯಾವ ಕ್ರಮದಲ್ಲಿದೆ ಎಂಬುದನ್ನು ಅರ್ಥಮಾಡಿಕೊಳ್ಳುವುದರಲ್ಲಿ ಮತ್ತು ಅದನ್ನು ಬದಲಿಸುವುದರಲ್ಲಿ ಕಳೆದುಹೋದವು. ಎಂಜಿನ್‌ನ ಶಕ್ತಿಯನ್ನು ಕೈಯಾರೆ ಹೆಚ್ಚಿಸುವ ಸರಳ ಕ್ರಿಯೆ ಬಹಳ ತಡವಾಗಿ ನಡೆಯಿತು. ಜೆಟ್ ಎಂಜಿನ್ ಕನಿಷ್ಠ ಶಕ್ತಿಯಿಂದ ಪೂರ್ಣ ಶಕ್ತಿಗೆ ಏರಲು ಕೆಲವು ಸೆಕೆಂಡುಗಳು ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ.

ಅಪಾಯದ ಗಾಂಭೀರ್ಯವನ್ನು ಗ್ರಹಿಸಿ ತಕ್ಷಣ ಶಕ್ತಿ ಹೆಚ್ಚಿಸದೆ ಹೋದುದನ್ನು ತನಿಖಾ ನ್ಯಾಯಾಲಯವು ಮುಖ್ಯ ಕಾರಣವಾಗಿ ಗುರುತಿಸಿತು. ದುರಂತದ ನಂತರ ದೇಶದ ಎ320 ವಿಮಾನಗಳ ಹಾರಾಟವನ್ನು ಕೆಲಕಾಲ ಸ್ಥಗಿತಗೊಳಿಸಲಾಗಿತ್ತು. ದೋಷ ಪೈಲಟ್‌ಗಳದೋ ಯಂತ್ರದ ವಿನ್ಯಾಸದ್ದೋ ಎಂಬ ವಾದ ಬಹುಕಾಲ ನಡೆಯಿತು. 1992ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇದೇ ಮಾದರಿಯ ವಿಮಾನವೊಂದು ಇಳಿಕೆಯ ಕ್ರಮದ ಗೊಂದಲದಿಂದಲೇ ಪರ್ವತಕ್ಕೆ ಬಡಿದು 87 ಮಂದಿ ಮೃತಪಟ್ಟುದನ್ನು ಗಮನಿಸಿದರೆ ಇದನ್ನು ಕೇವಲ ವ್ಯಕ್ತಿಗಳ ತಪ್ಪೆಂದು ಮುಗಿಸಿಬಿಡುವುದು ಸಾಧುವೆನಿಸುವುದಿಲ್ಲ. ಇಂದಿನ ತರಬೇತಿಯಲ್ಲಿ ಈ ಘಟನೆಯಿಂದ ಉಳಿದುಬಂದಿರುವ ಪಾಠವಿದು: ಯಂತ್ರ ಏನು ಮಾಡುತ್ತಿದೆ ಎಂಬುದು ತಿಳಿಯದಿದ್ದಾಗ ಮೊದಲು ಕೈಯಾರೆ ಹಾರಿಸಬೇಕು, ಕಾರಣವನ್ನು ಆಮೇಲೆ ಹುಡುಕಬೇಕು.

ಮಂಗಳೂರು, 2010

2010ರ ಮೇ 22ರ ಬೆಳಗ್ಗೆ ಆರು ಗಂಟೆ ಕಳೆದ ಕೆಲವೇ ನಿಮಿಷಗಳಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ಸಂಖ್ಯೆಯ ಬೋಯಿಂಗ್ 737-800 ವಿಮಾನವು ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣದ ರನ್‌ವೇಯನ್ನು ದಾಟಿ ಮುಂದಿನ ಕಣಿವೆಗೆ ಉರುಳಿ ಹೊತ್ತಿ ಉರಿಯಿತು. 160 ಪ್ರಯಾಣಿಕರು ಮತ್ತು 6 ಸಿಬ್ಬಂದಿಯಲ್ಲಿ 158 ಮಂದಿ ಮೃತಪಟ್ಟು, 8 ಮಂದಿ ಬದುಕುಳಿದರು. ಗಲ್ಫ್‌ನಲ್ಲಿ ದುಡಿದು ರಜೆಗೆ ಮರಳುತ್ತಿದ್ದ ದಕ್ಷಿಣ ಕನ್ನಡ, ಉಡುಪಿ ಮತ್ತು ಕಾಸರಗೋಡು ಭಾಗದವರೇ ಅದರಲ್ಲಿ ಹೆಚ್ಚಾಗಿದ್ದರು. ಗುರುತು ಸಿಗದ ಮೃತದೇಹಗಳನ್ನು ಕೂಳೂರು–ತಣ್ಣೀರುಬಾವಿ ಬಳಿ ನದಿಯ ದಡದಲ್ಲಿ ಅಂತ್ಯಸಂಸ್ಕಾರ ಮಾಡಲಾಗಿದ್ದು, ಅಲ್ಲಿ ಸ್ಮಾರಕವಿದೆ.

ಮಂಗಳೂರಿನದು ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ನಿರ್ಮಿಸಿದ ‘ಟೇಬಲ್‌ಟಾಪ್’ ನಿಲ್ದಾಣ. ಅಂದು ಬಳಸಿದ ರನ್‌ವೇಯ ಉದ್ದ 2,450 ಮೀಟರ್. ಈ ಉದ್ದ ಆ ವಿಮಾನಕ್ಕೆ ಸಾಕಷ್ಟಿತ್ತು, ಹವಾಮಾನವೂ ಪ್ರತಿಕೂಲವಾಗಿರಲಿಲ್ಲ, ಯಂತ್ರದಲ್ಲಿ ದೋಷವಿರಲಿಲ್ಲ. ಹಾಗಾಗಿ ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯದ ಗಮನವು ಕಾಕ್‌ಪಿಟ್‌ನ ಧ್ವನಿಮುದ್ರಣದ ಕಡೆಗೆ ಹೊರಳಿತು.

ಎರಡು ಗಂಟೆಗಳ ಆ ಮುದ್ರಣದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಕ್ಯಾಪ್ಟನ್ ನಿದ್ರಿಸುತ್ತಿದ್ದರು. ರಾತ್ರಿಯ ಹಾರಾಟ, ಅದರಲ್ಲೂ ದೇಹದ ಎಚ್ಚರ ಅತ್ಯಂತ ಕುಗ್ಗಿರುವ ಮುಂಜಾವದ ಹೊತ್ತು. ಗಾಢ ನಿದ್ರೆಯಿಂದ ಎದ್ದ ವ್ಯಕ್ತಿಗೆ ಕೆಲಕಾಲ ಮಂಪರು ಉಳಿದು ತೀರ್ಮಾನಶಕ್ತಿ ಮಂದವಾಗಿರುತ್ತದೆ. ಇದನ್ನು ‘ನಿದ್ರಾಜಡತೆ’ ಎನ್ನಬಹುದು. ಮಂಗಳೂರಿನ ರೇಡಾರ್ ಆ ದಿನಗಳಲ್ಲಿ ಕೆಟ್ಟಿದ್ದರಿಂದ ವಿಮಾನಕ್ಕೆ ಎತ್ತರ ಇಳಿಸಲು ಅನುಮತಿ ದೊರೆತದ್ದು ನಿಲ್ದಾಣಕ್ಕೆ ಸಾಕಷ್ಟು ಹತ್ತಿರ ಬಂದ ಮೇಲೆ. ಹೀಗಾಗಿ ಕಡಿಮೆ ದೂರದಲ್ಲಿ ಹೆಚ್ಚು ಎತ್ತರ ಕಳೆದುಕೊಳ್ಳಬೇಕಾಯಿತು. ಇಳಿಕೆಯನ್ನು ಯೋಜಿತವಾಗಿ ನಿರ್ವಹಿಸದ ಕಾರಣ ವಿಮಾನವು ಅಂತಿಮ ಹಂತದಲ್ಲಿ ಇರಬೇಕಾದ ಎತ್ತರಕ್ಕಿಂತ ಸುಮಾರು ಇಮ್ಮಡಿ ಎತ್ತರದಲ್ಲಿತ್ತು.

ಇಲ್ಲಿಂದ ಮುಂದಿನ ಕ್ಷಣಗಳೇ ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ವಿಮಾನವನ್ನು ಕಡಿದಾಗಿ ಇಳಿಸಿದಾಗ ಭೂಸಾಮೀಪ್ಯದ ಎಚ್ಚರಿಕೆ ಸಾಧನವು ಪದೇ ಪದೇ ಕೂಗಿತು. ಸಹಪೈಲಟ್ ಪರಿಸ್ಥಿತಿಯನ್ನು ಸರಿಯಾಗಿಯೇ ಗ್ರಹಿಸಿದ್ದರು. ಇಳಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು, ಅಂದರೆ ‘ಗೋ-ಅರೌಂಡ್’ ಮಾಡಬೇಕೆಂದು, ಅವರು ಮೂರು ಬಾರಿ ಹೇಳಿದರು. ಕ್ಯಾಪ್ಟನ್ ಮುಂದುವರಿಸಿದರು. ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ ದಾಟಬೇಕಾದ ವಿಮಾನ ಸುಮಾರು 200 ಅಡಿ ಎತ್ತರದಲ್ಲಿ, ಅಗತ್ಯಕ್ಕಿಂತ ಹೆಚ್ಚಿನ ವೇಗದಲ್ಲಿ ದಾಟಿತು. ಚಕ್ರಗಳು ಸಂಪೂರ್ಣವಾಗಿ ನೆಲಕ್ಕೆ ತಾಗಿದ್ದು ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ಆಚೆ; ಉಳಿದದ್ದು ಸುಮಾರು 2,800 ಅಡಿ ಮಾತ್ರ.

ಆಗಲೂ ಎಲ್ಲವೂ ಮುಗಿದಿರಲಿಲ್ಲ. ನೆಲ ಮುಟ್ಟಿದ ತಕ್ಷಣ ಪೂರ್ಣ ಪ್ರಮಾಣದಲ್ಲಿ ಬ್ರೇಕ್ ಹಾಕಿ ಅದನ್ನೇ ಮುಂದುವರಿಸಿದ್ದರೆ ರನ್‌ವೇ ಮತ್ತು ಅದರಾಚೆಯ ಸುರಕ್ಷತಾ ಪ್ರದೇಶದೊಳಗೆ ವಿಮಾನ ನಿಲ್ಲಬಹುದಿತ್ತೆಂದು ತನಿಖೆ ಅಂದಾಜಿಸಿತು. ಆದರೆ ಬ್ರೇಕ್ ಹಾಕಿ, ಎಂಜಿನ್‌ನ ಒತ್ತಡವನ್ನು ಹಿಮ್ಮುಖಗೊಳಿಸಿದ ಕೆಲವೇ ಸೆಕೆಂಡುಗಳಲ್ಲಿ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಯತ್ನಿಸಿದರು. ಹಿಮ್ಮುಖ ಒತ್ತಡವನ್ನು ಬಳಸಿದ ಮೇಲೆ ಮೇಲೇರಬಾರದೆಂಬುದು ಕಟ್ಟುನಿಟ್ಟಿನ ನಿಯಮ. ಮೂರು ಬಾರಿ ಸೂಚಿಸಿದಾಗ ಮಾಡಬೇಕಾಗಿದ್ದ ಕ್ರಿಯೆಯನ್ನು, ಅದನ್ನು ಮಾಡಲೇಬಾರದ ಹೊತ್ತಿನಲ್ಲಿ ಮಾಡಲಾಯಿತು. ವಿಮಾನ ರನ್‌ವೇ ದಾಟಿ, ಇಳಿಕೆಗೆ ದಿಕ್ಕು ತೋರುವ ಆಂಟೆನಾದ ಕಾಂಕ್ರೀಟ್ ಕಟ್ಟಡಕ್ಕೆ ರೆಕ್ಕೆ ಬಡಿದು ಕಣಿವೆಗೆ ಬಿದ್ದಿತು.

ಅಸ್ಥಿರ ಇಳಿಕೆಯನ್ನು ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣವೆಂದು ವರದಿ ಹೇಳಿತು. ಸಹಾಯಕ ಕಾರಣಗಳಲ್ಲಿ ನಿದ್ರೆ ಮತ್ತು ರೇಡಾರ್‌ಗಳ ಜೊತೆಗೆ ಇನ್ನೊಂದು ಅಂಶವನ್ನೂ ಗುರುತಿಸಿತು: ಗೋ-ಅರೌಂಡ್ ಆರಂಭಿಸಲು ಸಹಪೈಲಟ್‌ಗೆ ಇರುವ ಅಧಿಕಾರದ ಬಗೆಗಿನ ಸೂಚನೆಗಳಲ್ಲಿ ಸ್ಪಷ್ಟತೆ ಇರಲಿಲ್ಲ. ಬಹುಶಃ ಆ ಕಾರಣದಿಂದಲೇ ಸಹಪೈಲಟ್ ಪದೇ ಪದೇ ಹೇಳಿದರೇ ಹೊರತು ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳಲಿಲ್ಲ. ಟೆನೆರಿಫ್‌ನಲ್ಲಿ ಕಿರಿಯರ ಸಂದೇಹ ಮೆಲುದನಿಯಲ್ಲಿ ಬಂದು ಅಡಗಿತ್ತು. ಮಂಗಳೂರಿನಲ್ಲಿ ಹೇಳಬೇಕಾದವರು ಸ್ಪಷ್ಟವಾಗಿಯೇ ಹೇಳಿದ್ದರು. ಹೇಳಿದ ಮಾತು ಕ್ರಿಯೆಯಾಗಿ ಬದಲಾಗುವ ದಾರಿ ಇರಲಿಲ್ಲ. ಆದ್ದರಿಂದ ಕಿರಿಯರಿಗೆ ಧೈರ್ಯವಾಗಿ ಮಾತಾಡಲು ಕಲಿಸಿದರೆ ಸಾಕು ಎಂಬ ಸರಳ ತಿಳಿವಳಿಕೆಗೆ ಈ ದುರಂತವು ಬಲವಾದ ಪ್ರತ್ಯುದಾಹರಣೆಯಾಗಿದೆ.

ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು ಕೇರಳದ ಕೋಳಿಕ್ಕೋಡ್‌ನಲ್ಲಿ, ಅದೂ ಟೇಬಲ್‌ಟಾಪ್ ನಿಲ್ದಾಣದಲ್ಲಿ, ಅದೇ ಸಂಸ್ಥೆಯ ಅದೇ ಮಾದರಿಯ ವಿಮಾನ ಮಳೆಯಲ್ಲಿ ರನ್‌ವೇಯ ಸುಮಾರು ಅರ್ಧಭಾಗ ದಾಟಿದ ಮೇಲೆ ನೆಲ ಮುಟ್ಟಿ ಆಚೆಗೆ ಬಿದ್ದು 21 ಮಂದಿ ಮೃತಪಟ್ಟರು. ಅಲ್ಲಿಯೂ ಗೋ-ಅರೌಂಡ್ ಕರೆಗೆ ಸ್ಪಂದಿಸದೆ ಇಳಿಕೆ ಮುಂದುವರಿದದ್ದನ್ನು, ಮತ್ತು ಕರೆ ನೀಡಿದವರು ನಿಯಂತ್ರಣ ತೆಗೆದುಕೊಳ್ಳದಿದ್ದುದನ್ನು ವಿಮಾನ ಅಪಘಾತ ತನಿಖಾ ಮಂಡಳಿ ದಾಖಲಿಸಿತು.

ತರಬೇತಿಯ ವಿಧಾನಗಳು

ತರಬೇತಿಯ ಮೊದಲ ಗುರಿ ಒತ್ತಡದ ಹೊತ್ತಿನಲ್ಲಿ ತೀರ್ಮಾನಿಸಬೇಕಾದ ಸಂಗತಿಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು. ‘ಸ್ಥಿರ ಇಳಿಕೆ’ಯ ನಿಯಮ ಇದಕ್ಕೆ ಉತ್ತಮ ಉದಾಹರಣೆ. ನೆಲದಿಂದ 1,000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ (ಸ್ಪಷ್ಟ ಹವಾಮಾನದಲ್ಲಿ 500 ಅಡಿ) ವೇಗ, ಇಳಿಕೆಯ ದರ, ದಿಕ್ಕು, ಚಕ್ರ ಮತ್ತು ರೆಕ್ಕೆಯ ಫ್ಲಾಪ್‌ಗಳು ನಿಗದಿತ ಮಿತಿಯೊಳಗೆ ಇರಬೇಕು. ಇಲ್ಲದಿದ್ದರೆ ಚರ್ಚೆಗೆ ಅವಕಾಶವಿಲ್ಲದೆ ಮೇಲೇರಬೇಕು. ಇಳಿಯಬಹುದೇ ಬೇಡವೇ ಎಂಬ ಪ್ರಶ್ನೆಯನ್ನು ಕಚೇರಿಯಲ್ಲಿ ಶಾಂತಚಿತ್ತದಿಂದ ಕುಳಿತವರು ಮೊದಲೇ ಉತ್ತರಿಸಿಟ್ಟಿರುತ್ತಾರೆ. ಇಷ್ಟಾದರೂ ಗೋ-ಅರೌಂಡ್ ಮಾಡುವುದನ್ನು ಸೋಲೆಂದು ಅಥವಾ ವಿವರಣೆ ಕೊಡಬೇಕಾದ ಲೋಪವೆಂದು ಭಾವಿಸುವ ಮನೋಭಾವ ಸುಲಭವಾಗಿ ಹೋಗುವಂಥದ್ದಲ್ಲ. ಹಾಗಾಗಿ ಅದಕ್ಕಾಗಿ ಪೈಲಟ್‌ಗಳನ್ನು ದಂಡಿಸದಿರುವ ನೀತಿಯನ್ನು ಸಂಸ್ಥೆಗಳು ಲಿಖಿತವಾಗಿ ಘೋಷಿಸುವುದು ರೂಢಿಯಾಗಿದೆ.

ಎರಡನೆಯದು ಮಾತಿನ ಅಭ್ಯಾಸ. ಕಿರಿಯರು ತಮ್ಮ ಆತಂಕವನ್ನು ಹಂತಹಂತವಾಗಿ ಗಟ್ಟಿಗೊಳಿಸುವುದನ್ನು ಕಲಿಸಲಾಗುತ್ತದೆ. ಮೊದಲು ಪ್ರಶ್ನೆ (‘ನಾವು ಸ್ವಲ್ಪ ಎತ್ತರದಲ್ಲಿದ್ದೇವಲ್ಲವೇ?’), ನಂತರ ಎಚ್ಚರಿಕೆ (‘ಈ ಎತ್ತರದಿಂದ ಇಳಿಕೆ ಸ್ಥಿರವಾಗದು’), ಬಳಿಕ ನೇರ ಸವಾಲು (‘ಕ್ಯಾಪ್ಟನ್, ಮೇಲೇರಿ’), ಕೊನೆಗೆ ‘ನಿಯಂತ್ರಣ ನನ್ನದು’ ಎಂದು ಘೋಷಿಸಿ ಕೈಗೆ ತೆಗೆದುಕೊಳ್ಳುವುದು. ಹಿರಿಯರನ್ನು ‘ಸರ್’ ಎಂದೇ ಸಂಬೋಧಿಸುವ, ಎದುರಾಡುವುದನ್ನು ಉದ್ಧಟತನವೆಂದು ಎಣಿಸುವ ಸಮಾಜದಲ್ಲಿ ಬೆಳೆದವರಿಗೆ ಮೂರನೆಯ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ಏರುವುದು ಅತ್ಯಂತ ಕಠಿಣ. ಆದ್ದರಿಂದ ಎರಡು ಕರೆಗಳಿಗೆ ಉತ್ತರ ಬಾರದಿದ್ದರೆ ಹಾರಿಸುತ್ತಿರುವವರು ಅಸಮರ್ಥರಾಗಿದ್ದಾರೆಂದೇ ಪರಿಗಣಿಸಬೇಕೆಂಬ ನಿಯಮವನ್ನು ಹಲವು ಸಂಸ್ಥೆಗಳು ಅನುಸರಿಸುತ್ತವೆ. ನಿಯಮವಿದ್ದಾಗ ಕಿರಿಯರು ಹಿರಿಯರನ್ನು ಧಿಕ್ಕರಿಸಿದಂತಾಗುವುದಿಲ್ಲ, ನಿಯಮವನ್ನು ಪಾಲಿಸಿದಂತಾಗುತ್ತದೆ. ಕ್ಯಾಪ್ಟನ್‌ಗಳಿಗೂ ಇದರ ಮರುಮುಖವಾದ ಪಾಠವುಂಟು. ತಮ್ಮ ಅಭಿಪ್ರಾಯ ಹೇಳುವ ಮೊದಲು ಸಹಪೈಲಟ್‌ನ ಅಭಿಪ್ರಾಯ ಕೇಳಬೇಕು. ಮೊದಲೇ ಹೇಳಿಬಿಟ್ಟರೆ ದೊರೆಯುವುದು ಒಪ್ಪಿಗೆ ಮಾತ್ರ.

ಮೂರನೆಯದು ಸಿಮ್ಯುಲೇಟರ್. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ರೂಪಿಸಿದ ಯಂತ್ರದಿಂದ ಆರಂಭಗೊಂಡ ಈ ಸಾಧನ ಇಂದು ಕಾಕ್‌ಪಿಟ್‌ನ ಯಥಾವತ್ ಪ್ರತಿಕೃತಿಯಾಗಿದೆ. ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂಬ ಮಾತಿನ ನೇರ ವಿರುದ್ಧ ಕ್ರಮವಿದು. ಎಂಜಿನ್‌ಗೆ ಬೆಂಕಿ, ಹೊಗೆ, ಹಕ್ಕಿ ಬಡಿತ ಮೊದಲಾದವುಗಳನ್ನು ಪೈಲಟ್‌ಗಳು ನಿಯತವಾಗಿ ಅನುಭವಿಸುತ್ತಾರೆ. ಬಿಡಿ ದೋಷಗಳ ಅಭ್ಯಾಸಕ್ಕಿಂತ ಪೂರ್ಣ ಪ್ರಯಾಣವೊಂದನ್ನು ಆರಂಭದಿಂದ ಕೊನೆಯವರೆಗೆ ನಡೆಸುತ್ತ, ನಡುವೆ ಅನಿರೀಕ್ಷಿತವಾಗಿ ತೊಡಕು ಒಡ್ಡುವ ವಿಧಾನ ಹೆಚ್ಚು ಪರಿಣಾಮಕಾರಿ. ಅಭ್ಯಾಸದ ನಂತರ ನಡೆಯುವ ಚರ್ಚೆಯಲ್ಲಿ ಕಲಿಕೆಯ ಬಹುಪಾಲು ಅಡಗಿದೆ. ಆ ಚರ್ಚೆಯಲ್ಲಿ ತರಬೇತುದಾರರು ತಪ್ಪುಗಳ ಪಟ್ಟಿ ಓದುವುದಿಲ್ಲ. ಆ ಕ್ಷಣದಲ್ಲಿ ಏನು ಕಂಡಿತು, ಏನು ಅಂದುಕೊಂಡಿರಿ ಎಂದು ಕೇಳುತ್ತಾರೆ.

ಸಮಯವಿರುವ ತೊಡಕುಗಳಿಗೆ ನೆನಪಿನ ಸೂತ್ರಗಳೂ ಇವೆ. ಯುರೋಪಿನಲ್ಲಿ ಪ್ರಚಲಿತವಾದ ‘ಫೋರ್‌ಡೆಕ್’ ಸೂತ್ರದಲ್ಲಿ ಸಂಗತಿಗಳು, ಆಯ್ಕೆಗಳು, ಅಪಾಯ ಮತ್ತು ಪ್ರಯೋಜನಗಳು, ತೀರ್ಮಾನ, ಕಾರ್ಯಗತಗೊಳಿಸುವಿಕೆ, ಮರುಪರಿಶೀಲನೆ ಎಂಬ ಆರು ಹಂತಗಳಿವೆ. ಸಮಯವಿಲ್ಲದಾಗ ಉಳಿಯುವುದು ಹಳೆಯ ಮೂರೇ ಮಾತು: ಮೊದಲು ವಿಮಾನವನ್ನು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳು ಬಡಿದು ಎರಡೂ ಎಂಜಿನ್ ಸ್ಥಗಿತಗೊಂಡ ವಿಮಾನವನ್ನು ಸುಮಾರು ಮೂರೂವರೆ ನಿಮಿಷದೊಳಗೆ ಹಡ್ಸನ್ ನದಿಯ ಮೇಲೆ ಇಳಿಸಿ 155 ಮಂದಿಯನ್ನೂ ಉಳಿಸಿದ ಪ್ರಸಂಗದಲ್ಲಿ ನಡೆದದ್ದು ಇದೇ ಅನುಕ್ರಮ.

ಕರ್ನಾಟಕದಲ್ಲಿನ ಸಂಸ್ಥೆಗಳು

ಭಾರತದಲ್ಲಿ ವಿಮಾನ ಸಿಬ್ಬಂದಿಗೆ ಸಿಆರ್‌ಎಂ ತರಬೇತಿಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕಡ್ಡಾಯಗೊಳಿಸಿದೆ. ಬೆಂಗಳೂರಿನಲ್ಲಿ ಭಾರತೀಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಿಂದ ಕಾರ್ಯನಿರ್ವಹಿಸುತ್ತಿದೆ. ಗುರುತ್ವದ ಹೆಚ್ಚಳವನ್ನು ಉಂಟುಮಾಡುವ ಸೆಂಟ್ರಿಫ್ಯೂಜ್ ಮತ್ತು ದಿಕ್ಕಿನ ಭ್ರಮೆ ಹುಟ್ಟಿಸುವ ಸಿಮ್ಯುಲೇಟರ್ ಇಲ್ಲಿವೆ. ಮೋಡದೊಳಗೆ ಒಳಗಿವಿಯ ಅನುಭವ ಒಂದು ಹೇಳಿದರೆ ಉಪಕರಣಗಳು ಇನ್ನೊಂದು ಹೇಳುತ್ತವೆ. ಆಗ ದೇಹವನ್ನು ನಂಬದೆ ಉಪಕರಣವನ್ನು ನಂಬುವುದನ್ನು ಮಾತಿನಿಂದ ಕಲಿಸಲಾಗದು, ಭ್ರಮೆಯನ್ನು ಒಮ್ಮೆ ಅನುಭವಿಸಬೇಕು. ಗಗನಯಾನ ಯೋಜನೆಯ ಗಗನಯಾತ್ರಿಗಳ ಆಯ್ಕೆಯ ವೈದ್ಯಕೀಯ ಪರೀಕ್ಷೆಗಳು ಇದೇ ಸಂಸ್ಥೆಯಲ್ಲಿ ನಡೆದವು. ರಷ್ಯಾದಲ್ಲಿ ಮೂಲ ತರಬೇತಿ ಪಡೆದ ಅವರು ಮುಂದಿನ ತರಬೇತಿಯನ್ನು ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಪಡೆದರು. ಹೆಲಿಕಾಪ್ಟರ್ ಪೈಲಟ್‌ಗಳಿಗಾಗಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸಂಸ್ಥೆಗಳ ಜಂಟಿ ಸಹಯೋಗದ ‘ಹ್ಯಾಟ್ಸಾಫ್’ ಸಿಮ್ಯುಲೇಟರ್ ಕೇಂದ್ರವೂ ಬೆಂಗಳೂರಿನಲ್ಲಿದೆ.

ಮಿತಿಗಳು

ತರಬೇತಿಯು ಸರ್ವರೋಗ ಪರಿಹಾರವಲ್ಲ. 2009ರ ಮಾರ್ಚ್ 6ರಂದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಶಾಲೆಯ ‘ಸಾರಸ್’ ಪ್ರಾಯೋಗಿಕ ವಿಮಾನ ಬಿಡದಿ ಬಳಿ ಬಿದ್ದು ಮೂವರು ಮೃತಪಟ್ಟರು. ಹಾರಾಟದಲ್ಲಿ ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ಅದಾಗಿತ್ತು. ಅದಕ್ಕಾಗಿ ರೂಪಿಸಿದ್ದ ವಿಧಾನವೇ ಸರಿಯಾಗಿರಲಿಲ್ಲವೆಂದು ತನಿಖೆ ಹೇಳಿತು. ಅತ್ಯಂತ ನುರಿತ ಪರೀಕ್ಷಾ ಪೈಲಟ್‌ಗಳೂ ತಪ್ಪು ವಿಧಾನವನ್ನು ಸರಿಯಾಗಿ ಪಾಲಿಸಿ ಬದುಕಲಾರರು.

ಸಿಮ್ಯುಲೇಟರ್‌ಗೆ ಹೋಗುವವರಿಗೆ ಏನೋ ಆಗಲಿದೆ ಎಂಬುದು ಮೊದಲೇ ಗೊತ್ತಿರುತ್ತದೆ. ನಿಜವಾದ ಹಾರಾಟದಲ್ಲಿ ಏನೂ ಆಗದೆ ಸಾವಿರಾರು ಗಂಟೆಗಳು ಕಳೆದಿರುತ್ತವೆ, ಆಘಾತ ಅಂಥ ಹೊತ್ತಿನಲ್ಲಿ ಬರುತ್ತದೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದ ಏರ್ ಫ್ರಾನ್ಸ್ 447ನೇ ವಿಮಾನದಲ್ಲಿ ವೇಗಮಾಪಕಗಳು ಕೆಲಕಾಲ ಕೈಕೊಟ್ಟ ಕೂಡಲೆ ಉಂಟಾದ ಗೊಂದಲದಿಂದ ಸಿಬ್ಬಂದಿ ಹೊರಬರಲೇ ಇಲ್ಲ. 228 ಮಂದಿ ಮೃತಪಟ್ಟರು. ಬೆಚ್ಚಿಬೀಳುವ ಪ್ರತಿಕ್ರಿಯೆಯನ್ನು ಸಿಮ್ಯುಲೇಟರ್‌ನಲ್ಲಿ ಪೂರ್ಣವಾಗಿ ಮರುಸೃಷ್ಟಿಸಲು ಸಾಧ್ಯವಾಗಿಲ್ಲ. ಆಯಾಸದ ಪ್ರಶ್ನೆಯೂ ಹಾಗೆಯೇ. ಮುಂಜಾವದ ನಾಲ್ಕು ಗಂಟೆಗೆ ನಿದ್ದೆಗಣ್ಣಿನಲ್ಲಿರುವ ಮನಸ್ಸಿಗೆ ಹಗಲಿನಲ್ಲಿ ಕಲಿತ ಪಾಠ ಎಷ್ಟು ಒದಗೀತು ಎಂಬುದು ಕೆಲಸದ ವೇಳಾಪಟ್ಟಿ ಮತ್ತು ವಿಶ್ರಾಂತಿಯ ನಿಯಮಗಳನ್ನು ಅವಲಂಬಿಸಿದೆಯೇ ಹೊರತು ತರಗತಿಯನ್ನಲ್ಲ.

ಇತರ ಕ್ಷೇತ್ರಗಳಲ್ಲಿ

ವಿಮಾನಯಾನದ ಈ ವಿಧಾನಗಳನ್ನು ವೈದ್ಯಕೀಯ ಕ್ಷೇತ್ರ ತನ್ನದಾಗಿಸಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ ಚಿಕಿತ್ಸೆ ಆರಂಭಿಸುವ ಮುನ್ನ ಕೊಠಡಿಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಪಾತ್ರವನ್ನು ಹೇಳಿಕೊಳ್ಳಬೇಕೆಂಬ ಅಂಶವಿದೆ. ಒಮ್ಮೆ ಬಾಯಿಬಿಟ್ಟ ದಾದಿಯು ಮುಂದೆ ತೊಡಕು ಕಂಡಾಗ ಹಿರಿಯ ಶಸ್ತ್ರಚಿಕಿತ್ಸಕರನ್ನು ತಡೆಯುವ ಸಾಧ್ಯತೆ ಹೆಚ್ಚು ಎಂಬ ಕಾಕ್‌ಪಿಟ್‌ನ ಅನುಭವವೇ ಇದರ ಹಿನ್ನೆಲೆ. ಅಗ್ನಿಶಾಮಕ ಸೇವೆ, ಅಣು ವಿದ್ಯುತ್ ಸ್ಥಾವರ, ಹಡಗು ಮತ್ತು ರೈಲು ಚಾಲನೆಯಲ್ಲಿಯೂ ಸಿಆರ್‌ಎಂನ ರೂಪಾಂತರಗಳು ಬಳಕೆಯಲ್ಲಿವೆ.